ಬೀಗ ಹಾಕಿದ ಮನೆಗೂ 435 ರೂಪಾಯಿ: ತೀರ್ಥಹಳ್ಳಿಯ ಅಂಗಡಿಯೊಂದರಲ್ಲಿ ಬಿಲ್ಲು ಓದಿಸಿಕೊಂಡ ಅನುಭವ

ಊರಿನ ಮನೆಯ ಕರೆಂಟ್ ಬಿಲ್ಲುಗಳನ್ನೆಲ್ಲ ಅಮ್ಮ ಅಡುಗೆಮನೆ ಗೋಡೆಯ ಕೊಕ್ಕೆತಂತಿಗೆ ಚುಚ್ಚಿಡುತ್ತಾಳೆ. 2025ರ ಮಳೆಗಾಲ ಪೂರ್ತಿ ಅವಳು ನನ್ನ ಜೊತೆ ಶಿವಮೊಗ್ಗದಲ್ಲಿದ್ದಳು. ವಾಪಸ್ ಹೋಗಿ ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಬಿಲ್ಲು: ಯೂನಿಟ್ ಸೊನ್ನೆ, ಕಟ್ಟಬೇಕಾದ್ದು 435. "ಒಂದು ದೀಪ ಹಚ್ಚಲಿಲ್ಲ ಕಣೇ, ಇದೆಂಥದ್ದು?" ಅಂತ ಕೂತುಬಿಟ್ಟಳು. ಶಿವಮೊಗ್ಗದ ಮನೆಯೂ ಅವಳ ಹೆಸರಲ್ಲೇ ಇದೆ. ಗೃಹಜ್ಯೋತಿ ಒಬ್ಬರಿಗೆ ಒಂದೇ ಮೀಟರಿಗೆ; ಅದು ಶಿವಮೊಗ್ಗದ್ದಕ್ಕೆ ಆಗಿರುವುದರಿಂದ ಊರಿನದ್ದಕ್ಕೆ ಪೂರ್ತಿ ಬಿಲ್ಲು.

ತಂತಿಯಲ್ಲಿದ್ದ ಕಟ್ಟನ್ನೇ ಕೈಲಿ ಹಿಡಿದು ತೀರ್ಥಹಳ್ಳಿಯಲ್ಲಿ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಒಬ್ಬರ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆವು. ಮೊದಲ ದಿನ ಬಾಗಿಲು ಹಾಕಿತ್ತು, ಮರುದಿನ ಸಿಕ್ಕರು. ಹಳೇ ಬಿಲ್ಲುಗಳ ಅಕ್ಷರ ಮಾಸಿಹೋಗಿತ್ತು. ಒಂದೊಂದನ್ನೇ ಟ್ಯೂಬ್‌ಲೈಟಿಗೆ ಹಿಡಿದು ಓದಿದರು. ಆಮೇಲೆ ಕೆಂಪು ಪೆನ್ನಿನಲ್ಲಿ ಒಂದೇ ಒಂದು ಸಾಲಿಗೆ ಗೆರೆ ಎಳೆದರು: ಮಂಜೂರಾದ ಲೋಡ್ (ಮನೆ ಒಮ್ಮೆಗೆ ಎಳೆಯಬಹುದು ಎಂದು ಒಪ್ಪಿಗೆ ಪಡೆದ ಕರೆಂಟು), 3 ಕಿಲೋವ್ಯಾಟ್.

"ಅಮ್ಮಾ, ಉರಿಸದಿದ್ರೂ ಕಟ್ಟೋ ನಿಗದಿತ ಶುಲ್ಕ ಹುಟ್ಟೋದೇ ಇಲ್ಲಿ. ಕಿಲೋವ್ಯಾಟಿಗೆ 145, ಮೂರಕ್ಕೆ 435. ಯೂನಿಟ್ ಲೆಕ್ಕ ಬೇರೆ, ಉರಿಸಿದಷ್ಟಕ್ಕೆ 5 ರೂಪಾಯಿ 80 ಪೈಸೆ." 2025ರ ಏಪ್ರಿಲ್‌ನಲ್ಲಿ ಯೂನಿಟ್ ದರ 5.90ರಿಂದ 10 ಪೈಸೆ ಇಳಿದು, ನಿಗದಿತ ಶುಲ್ಕ 120ರಿಂದ 145ಕ್ಕೆ ಏರಿದ್ದನ್ನೂ ಹೇಳಿದರು. ಕಮ್ಮಿ ಉರಿಸುವ ಅಮ್ಮನಂಥವರಿಗೆ ಆ 10 ಪೈಸೆ ಎಲ್ಲಿಗೂ ಸಾಲದು. ಅವಳಿದ್ದ ತಿಂಗಳಲ್ಲೂ 40 ಯೂನಿಟ್ಟೇ. ಅದಕ್ಕೆ 232 ರೂಪಾಯಿ, ಅದರ ಮೇಲೆ ಶೇಕಡ 9 ತೆರಿಗೆ ಮತ್ತಿತರ ಚಿಲ್ಲರೆ. ನಿಗದಿತ ಶುಲ್ಕ ಮಾತ್ರ ಅದೇ 435. ಫ್ಯಾನ್ ಆರಿಸಿ ಸೆಕೆಯಲ್ಲಿ ಕೂತು ಅವಳು ಉಳಿಸಿದ್ದೆಲ್ಲ ಬಿಲ್ಲಿನ ಸಣ್ಣ ಭಾಗದಲ್ಲಿ ಎಂದು ಗೊತ್ತಾಗಿ ನನಗೆ ಹೊಟ್ಟೆ ಉರಿಯಿತು.

100 ಯೂನಿಟ್ ದಾಟಿದರೆ ಎಲ್ಲಕ್ಕೂ 7 ರೂಪಾಯಿ ಬೀಳುತ್ತದೆಂಬ ಹಳೇ ಹೆದರಿಕೆಯೂ ಅವಳಿಗಿತ್ತು. ಅದು 2024ರ ಏಪ್ರಿಲ್‌ನಲ್ಲೇ ಹೋಗಿದೆ, ಈಗ ಎಷ್ಟು ಉರಿಸಿದರೂ ಒಂದೇ ದರ.

ಬೀಗ ಹಾಕಿದ ಮನೆಗೆ ಯಾಕೆ ಕಟ್ಟಬೇಕು ಎಂದು ಅಮ್ಮ ಬಿಡಲಿಲ್ಲ. ಅವರೂ ಬೇಸರಿಸಲಿಲ್ಲ. "ಆಷಾಢದ ಗಾಳಿಗೆ ಮರ ಬಿದ್ರೆ ಲೈನ್‌ಮನ್ ಏಣಿ ಹೊತ್ಕೊಂಡು ಬರ್ತಾರಲ್ಲಮ್ಮ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ನೀವಿಲ್ಲದಾಗ್ಲೂ ನಿಂತಿರ್ಬೇಕು." ಅಮ್ಮ ತಲೆಯಾಡಿಸಿದಳು. ಜಿಗಣೆ ಹತ್ತಿಸಿಕೊಂಡು ನಮ್ಮ ತೋಟದ ಲೈನ್ ಸರಿಮಾಡಿದವರಿಗೆ ಅವಳೇ ಕಾಫಿ ಕೊಟ್ಟವಳು. ನನಗೂ ಈ ಶುಲ್ಕ ಅನ್ಯಾಯ ಅನ್ನಿಸುವುದಿಲ್ಲ. ಬೇಡದ ಲೋಡಿಗೆ ಕಟ್ಟುತ್ತಿದ್ದುದು ನಮ್ಮದೇ ತಪ್ಪು.

ಮನೆ ಕಟ್ಟುವಾಗ ಅಪ್ಪ ಗೀಸರ್ ಹಾಕಿಸುವ ಆಸೆಯಲ್ಲಿ 3 ಕಿಲೋವ್ಯಾಟ್ ಬರೆಸಿದ್ದರು. ಗೀಸರ್ ಬರಲೇ ಇಲ್ಲ, ಇವತ್ತಿಗೂ ಬಚ್ಚಲ ಹಂಡೆಗೆ ಅಡಿಕೆ ಹಾಳೆ, ಸೋಗೆಯದೇ ಉರಿ. ನಾನು 1 ಕಿಲೋವ್ಯಾಟಿಗೆ ಇಳಿಸಿಬಿಡಿ ಎಂದೆ. ಅವರು ಒಪ್ಪದೆ ಮನೆಗೇ ಬಂದು ಲೆಕ್ಕ ಹಾಕಿದರು: ಬಾವಿ ಪಂಪು ಒಂದು ಎಚ್‌ಪಿ, ಅಂದರೆ 746 ವ್ಯಾಟ್; ಮಿಕ್ಸಿ 750; ಫ್ರಿಜ್, ಟಿವಿ, ದೀಪ. "ಅಕ್ಕಾ, ಪಂಪು, ಮಿಕ್ಸಿ ಒಟ್ಟಿಗೆ ಓಡಿದ್ರೆ ಒಂದು ದಾಟುತ್ತೆ, ಮೀಟರಲ್ಲಿ ದಾಖಲಾಗುತ್ತೆ. ಎರಡು ಇರ್ಲಿ." ಹೆಚ್ಚು ಉಳಿತಾಯ ತೋರಿಸಿ ನನ್ನನ್ನು ಖುಷಿಪಡಿಸಬಹುದಿತ್ತು, ಹಾಗೆ ಮಾಡಲಿಲ್ಲ. ಆ ಒಂದು ಮಾತಿಗೇ ನಾನು ಈ ಅಂಗಡಿಯನ್ನು ಗಟ್ಟಿಯಾಗಿ ಶಿಫಾರಸು ಮಾಡುವುದು.

ಅರ್ಜಿ, ರಿಪೋರ್ಟು, ಓಡಾಟ ಸೇರಿ ಅವರು ತೆಗೆದುಕೊಂಡದ್ದು 800 ರೂಪಾಯಿ. ಕರೆಂಟ್ ಕಚೇರಿಗೆ ಕಟ್ಟಿದ್ದಕ್ಕೆ ರಸೀದಿ ಬೇರೆ ಕೊಟ್ಟರು. ಕೆಲಸ ಮುಗಿಯಲು ತಿಂಗಳ ಮೇಲಾಯಿತು. ಕೊರತೆ ಅಂದರೆ ಫೋನು. ಸೈಟಿಗೆ ಹೋದರೆ ನೆಟ್‌ವರ್ಕ್ ಸಿಗುವುದಿಲ್ಲ, ವಾಪಸ್ ಕರೆಯುವುದನ್ನೂ ಮರೆಯುತ್ತಾರೆ. ಬೆಳಿಗ್ಗೆ ಒಂಬತ್ತರೊಳಗೆ ಹೋದರೆ ಸಿಗುತ್ತಾರೆ. ಬಿಲ್ಲುಗಳ ಜೆರಾಕ್ಸ್ ಮಾಡಿಸಿಕೊಂಡು ಹೋಗಿ, ಆ ಕಾಗದದ ಅಕ್ಷರ ವರ್ಷ ಬಾಳುವುದಿಲ್ಲ.

ಹೊಸ ಬಿಲ್ಲಿನಲ್ಲಿ ನಿಗದಿತ ಶುಲ್ಕ 290 ಬಂದಿದೆ. ಅಮ್ಮ ಅದನ್ನು ತಂತಿಗೆ ಚುಚ್ಚುವ ಮೊದಲು ಕನ್ನಡಕ ಹಾಕಿಕೊಂಡು ಲೋಡಿನ ಸಾಲನ್ನು ಎರಡು ಸಲ ಓದಿದಳು.