ಒಲವು ಮತ್ತು ಆಯ್ಕೆಯ ಅಧ್ಯಯನ: ಹನ್ನೆರಡು ವಾರಗಳ ಆನ್‌ಲೈನ್ ಕೋರ್ಸ್ ಒಂದರ ವಿಮರ್ಶೆ

ಜನರು ಒಂದನ್ನು ಬಿಟ್ಟು ಇನ್ನೊಂದನ್ನು ಏಕೆ ಆರಿಸುತ್ತಾರೆ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರ, ಮನೋವಿಜ್ಞಾನ, ನರವಿಜ್ಞಾನ ಮತ್ತು ಸಮಾಜಶಾಸ್ತ್ರಗಳು ಹೇಗೆ ಕೈಗೆತ್ತಿಕೊಳ್ಳುತ್ತವೆ ಎಂಬುದನ್ನು ಕಲಿಸುವ ಹನ್ನೆರಡು ವಾರಗಳ ಆನ್‌ಲೈನ್ ಕೋರ್ಸ್ ಒಂದನ್ನು ಇತ್ತೀಚೆಗೆ ಮುಗಿಸಿದೆ. ವಾರಕ್ಕೆ ಎರಡು ಉಪನ್ಯಾಸ, ಒಂದು ಅಭ್ಯಾಸ, ಕೊನೆಯಲ್ಲಿ ಒಂದು ಪರೀಕ್ಷೆ. ಸೇರಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ಅಭ್ಯಾಸಗಳಿಗಾಗಿಯೇ ಸೇರಬಹುದು, ಆದರೆ ಉಪನ್ಯಾಸಗಳಲ್ಲಿ ಅರ್ಧದಷ್ಟು ಮಾತ್ರ ಆ ಮಟ್ಟ ಮುಟ್ಟುತ್ತವೆ.

ಮೊದಲ ವಾರ 1938ರಿಂದ ಆರಂಭವಾಗುತ್ತದೆ. ಮನಸ್ಸಿನೊಳಗೆ ಏನಿದೆ ಎಂದು ಊಹಿಸುವುದನ್ನು ಬಿಟ್ಟು, ಕೈ ಯಾವುದನ್ನು ಎತ್ತಿಕೊಂಡಿತು ಎಂಬುದನ್ನಷ್ಟೇ ನೋಡೋಣ ಎಂದು ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮುಯೆಲ್ಸನ್ ಆ ವರ್ಷ ವಾದಿಸಿದ್ದರು. ಎರಡೂ ಕೈಗೆಟುಕುವಂತಿದ್ದಾಗ ಒಂದನ್ನು ಆರಿಸಿದವನು, ಮುಂದೊಮ್ಮೆ ಎರಡೂ ಕೈಗೆಟುಕುವಂತಿದ್ದಾಗ ಇನ್ನೊಂದನ್ನು ಆರಿಸಿದರೆ ಅವನ ಆಯ್ಕೆಗಳು ಒಂದಕ್ಕೊಂದು ಹೊಂದುವುದಿಲ್ಲ. ಸಿದ್ಧಾಂತ ಅಷ್ಟನ್ನೇ ಕೇಳುತ್ತದೆ. ಇಷ್ಟು ಒಣ ತತ್ವದಿಂದ ಏನು ಉಪಯೋಗ ಎಂದು ಅನಿಸುವ ಹೊತ್ತಿಗೆ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಡೇನಿಯಲ್ ಮೆಕ್‌ಫ್ಯಾಡನ್ ಅವರ ಕೆಲಸ ಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಬಾರ್ಟ್ ರೈಲು 1972ರಲ್ಲಿ ಓಡಲಾರಂಭಿಸುವ ಮೊದಲೇ, ಕೆಲಸಕ್ಕೆ ಹೋಗುವವರು ಕಾರನ್ನೋ ಬಸ್ಸನ್ನೋ ಹೇಗೆ ಆರಿಸುತ್ತಿದ್ದಾರೆ ಎಂದು ಅವರ ತಂಡ ವಿಚಾರಿಸಿ, ಅದರ ಆಧಾರದ ಮೇಲೆ ಶೇ. 6.3ರಷ್ಟು ಜನ ರೈಲು ಹತ್ತುತ್ತಾರೆಂದು ಲೆಕ್ಕ ಹಾಕಿತು. ಅಧಿಕೃತ ಅಂದಾಜು ಶೇ. 15 ಇತ್ತು, ನಿಜವಾಗಿ ಹತ್ತಿದವರು ಶೇ. 6.2. ಈ ಮಾದರಿಯ ದೌರ್ಬಲ್ಯವನ್ನೂ ಉಪನ್ಯಾಸಕರು ಮುಚ್ಚಿಡುವುದಿಲ್ಲ. ಅರ್ಧ ಜನ ಕಾರಿನಲ್ಲಿ, ಅರ್ಧ ಜನ ಕೆಂಪು ಬಸ್ಸಿನಲ್ಲಿ ಹೋಗುತ್ತಿರುವ ದಾರಿಗೆ ಬಣ್ಣವೊಂದನ್ನು ಬಿಟ್ಟು ಎಲ್ಲದರಲ್ಲೂ ಅದೇ ಆಗಿರುವ ನೀಲಿ ಬಸ್ಸು ಬಂದರೆ, ಸರಳ ಸೂತ್ರದ ಪ್ರಕಾರ ಕಾರಿನ ಪಾಲು ಮೂರರಲ್ಲೊಂದಕ್ಕೆ ಇಳಿಯಬೇಕು. ಬಸ್ಸಿನ ಬಣ್ಣಕ್ಕಾಗಿ ಕಾರು ಬಿಡುವವರು ಯಾರಿದ್ದಾರೆ?

ಆದರೆ ಕೋರ್ಸ್‌ನ ಜೀವಾಳ ಇರುವುದು ಮೂರನೇ ವಾರದ ಅಭ್ಯಾಸದಲ್ಲಿ. ತೆರೆಯ ಮೇಲೆ ಎರಡು ಪಂದ್ಯಗಳು ಕಾಣುತ್ತವೆ. ಮೊದಲನೆಯದರಲ್ಲಿ 36ಕ್ಕೆ 35 ಸಲ 4 ಅಂಕ ಸಿಗುತ್ತದೆ, ಉಳಿದೊಂದು ಸಲ 1 ಅಂಕ ಹೋಗುತ್ತದೆ. ಎರಡನೆಯದರಲ್ಲಿ 36ಕ್ಕೆ 11 ಸಲ 16 ಅಂಕ ಸಿಗುತ್ತದೆ, ಉಳಿದ 25 ಸಲ ಒಂದೂವರೆ ಅಂಕ ಹೋಗುತ್ತದೆ. ಸರಾಸರಿ ನೋಡಿದರೆ ಎರಡೂ ಹೆಚ್ಚುಕಡಿಮೆ ಸಮ, ಸುಮಾರು 3.85. ನಾನು ಹೆಚ್ಚು ಯೋಚಿಸದೆ ಮೊದಲನೆಯದನ್ನು ಆರಿಸಿದೆ. ಹತ್ತಾರು ಬೇರೆ ಪ್ರಶ್ನೆಗಳಾದ ಮೇಲೆ ಅದೇ ಪಂದ್ಯಗಳು ಬಿಡಿಬಿಡಿಯಾಗಿ ಬಂದವು: ಇದು ನಿಮ್ಮದೇ ಆಗಿದ್ದರೆ ಕನಿಷ್ಠ ಎಷ್ಟಕ್ಕೆ ಮಾರುತ್ತೀರಿ? ಮೊದಲನೆಯದಕ್ಕೆ ಮೂರೂವರೆ ಎಂದು ಬರೆದೆ, ಎರಡನೆಯದಕ್ಕೆ ಆರು. ಪುಟದ ಕೊನೆಯಲ್ಲಿ ಎರಡೂ ಉತ್ತರಗಳು ಅಕ್ಕಪಕ್ಕ ಬಂದಾಗ ಬಹಳ ಹೊತ್ತು ಅವನ್ನೇ ನೋಡುತ್ತಾ ಕುಳಿತೆ. ನಾನು ಬೇಡವೆಂದು ಬಿಟ್ಟ ಪಂದ್ಯಕ್ಕೇ ಹೆಚ್ಚು ಬೆಲೆ ಕಟ್ಟಿದ್ದೆ. ಆರಿಸುವಾಗ ಕಣ್ಣು ಗೆಲ್ಲುವ ಸಾಧ್ಯತೆಯ ಮೇಲೆ ಇರುತ್ತದೆ, ಬೆಲೆ ಕಟ್ಟುವಾಗ 16 ಎಂಬ ದೊಡ್ಡ ಅಂಕಿಯ ಮೇಲೆ ನಿಲ್ಲುತ್ತದೆ ಎಂಬುದು ಸಾರಾ ಲಿಚ್ಟೆನ್‌ಸ್ಟೈನ್ ಮತ್ತು ಪಾಲ್ ಸ್ಲೊವಿಕ್ 1971ರಲ್ಲಿ ಕೊಟ್ಟ ವಿವರಣೆಯ ಸಾರ. ಇದು ಮನೋವಿಜ್ಞಾನಿಗಳ ಪ್ರಯೋಗದೋಷವಿರಬೇಕೆಂಬ ಸಂಶಯದಿಂದ ಡೇವಿಡ್ ಗ್ರೆದರ್ ಮತ್ತು ಚಾರ್ಲ್ಸ್ ಪ್ಲಾಟ್ ಎಂಬ ಅರ್ಥಶಾಸ್ತ್ರಜ್ಞರು ನಿಜವಾದ ಹಣವಿಟ್ಟು, ಒಂದೊಂದೇ ಸಂಶಯವನ್ನು ಕಟ್ಟಿಹಾಕಿ ಅದೇ ಪ್ರಯೋಗವನ್ನು ಮತ್ತೆ ಮಾಡಿದರು; 1979ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲೂ ಆ ತಿರುವುಮುರುವು ಹಾಗೆಯೇ ಉಳಿದಿತ್ತು. ಒಂದು ಶಾಸ್ತ್ರದ ಮಾತನ್ನು ಇನ್ನೊಂದು ಶಾಸ್ತ್ರ ತನ್ನದೇ ಕಟ್ಟುನಿಟ್ಟಿನಲ್ಲಿ ಒರೆಗೆ ಹಚ್ಚುವ ಇಂತಹ ಪಾಠಗಳು ಇನ್ನಷ್ಟು ಬೇಕಿತ್ತು.

ಬೇಕಿತ್ತು ಎನ್ನಲು ಕಾರಣವಿದೆ. ಐದನೇ ವಾರದಲ್ಲಿ ಮನೋವಿಜ್ಞಾನಿ ಜ್ಯಾಕ್ ಬ್ರೆಮ್ ಅವರ 1956ರ ಪ್ರಯೋಗವನ್ನು ಕಲಿಸುತ್ತಾರೆ: ಮನೆಬಳಕೆಯ ವಸ್ತುಗಳಿಗೆ ಅಂಕ ಕೊಟ್ಟವರು, ಅವುಗಳಲ್ಲಿ ಎರಡರ ನಡುವೆ ಒಂದನ್ನು ಆರಿಸಿಕೊಂಡ ಮೇಲೆ ಮತ್ತೆ ಅಂಕ ಕೊಡುವಾಗ ಆರಿಸಿದ್ದನ್ನು ಮೇಲೆತ್ತುತ್ತಾರೆ, ಬಿಟ್ಟಿದ್ದನ್ನು ಕೆಳಗಿಳಿಸುತ್ತಾರೆ. ಆಯ್ಕೆಯೇ ಇಷ್ಟವನ್ನು ಬದಲಿಸುತ್ತದೆ ಎಂದು ಹೇಳಿ ಪಾಠ ಮುಗಿಯುತ್ತದೆ. ಕೀತ್ ಚೆನ್ ಮತ್ತು ಜೇನ್ ರೈಸನ್ 2010ರಲ್ಲಿ ಎತ್ತಿದ ಆಕ್ಷೇಪದ ಸುದ್ದಿಯೇ ಇಲ್ಲ. ನಾವು ಕೊಡುವ ಅಂಕಗಳಲ್ಲಿ ಸ್ವಲ್ಪ ಏರುಪೇರು ಇದ್ದೇ ಇರುತ್ತದೆ. ಆಯ್ಕೆ ಒಳಗಿನ ಒಲವನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ಹಾಗಾಗಿ ಒಲವು ಎಳ್ಳಷ್ಟೂ ಬದಲಾಗದಿದ್ದರೂ ಅಂಕಗಳ ನಡುವಿನ ಅಂತರ ಹೀಗೆ ಹೆಚ್ಚಿದಂತೆ ಕಾಣಬಹುದು. ಇದನ್ನು ವಿವರಿಸಿ ಕೋರ್ಸ್‌ನವರಿಗೆ ಬರೆದೆ. ಗಮನಿಸುತ್ತೇವೆ ಎಂಬ ಒಂದು ಸಾಲಿನ ಉತ್ತರ ಬಂತು, ಪಾಠ ಬದಲಾಗಲಿಲ್ಲ. ಹಣ ತೆಗೆದುಕೊಂಡು ಕಲಿಸುವವರು ಇಷ್ಟಕ್ಕೇ ನಿಲ್ಲಬಾರದು.

ನರವಿಜ್ಞಾನದ ಎರಡು ವಾರಗಳು ಚಿತ್ರಗಳಿಂದ ತುಂಬಿವೆ, ವಾದ ಕಡಿಮೆ. ಸಮಾಜಶಾಸ್ತ್ರದ ವಾರ ಮಾತ್ರ ಮನಸ್ಸಿನಲ್ಲಿ ಉಳಿಯುವಂತಿದೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ 48 ಅಪರಿಚಿತ ಹಾಡುಗಳನ್ನು ಕೇಳಿಸಿದ್ದರು. ಕೆಲವರಿಗೆ ಹಾಡುಗಳು ಮಾತ್ರ ಕಾಣುತ್ತಿದ್ದವು. ಉಳಿದವರನ್ನು ಎಂಟು ಬೇರೆಬೇರೆ ಲೋಕಗಳಿಗೆ ಹಂಚಿ, ಆ ಲೋಕದಲ್ಲಿ ಎಷ್ಟು ಮಂದಿ ಯಾವ ಹಾಡನ್ನು ಇಳಿಸಿಕೊಂಡಿದ್ದಾರೆಂದು ತೋರಿಸಿದರು. ಒಂದು ಲೋಕದಲ್ಲಿ ಮೇಲೇರಿದ ಹಾಡು ಇನ್ನೊಂದರಲ್ಲೂ ಮೇಲೇರುತ್ತದೆಂಬ ಭರವಸೆ ಇರಲಿಲ್ಲ. ಹಾಗಾದರೆ ಆ ಒಲವು ಯಾರದ್ದು ಎಂಬ ಪ್ರಶ್ನೆಯನ್ನು ಉಪನ್ಯಾಸಕಿ ಉತ್ತರಿಸದೆ ನಮ್ಮ ಮುಂದೆಯೇ ಇಟ್ಟರು, ಅದು ಸರಿಯಾದ ಕ್ರಮ ಎನಿಸಿತು.

ಇಡೀ ಕೋರ್ಸ್‌ನಲ್ಲಿ ಪ್ರಿಫರೆನ್ಸ್ ಎಂಬ ಒಂದೇ ಪದ ಎಲ್ಲ ಕಡೆಯೂ ಓಡಾಡುತ್ತದೆ. ನಾನು ಟಿಪ್ಪಣಿ ಬರೆದುಕೊಳ್ಳುವಾಗ ಅಂಕ ಕೊಟ್ಟು ಅಳೆದದ್ದನ್ನು ಇಷ್ಟ, ಎರಡರಲ್ಲಿ ಯಾವುದು ಮೊದಲು ಎಂದು ಕೇಳಿದ್ದನ್ನು ಆದ್ಯತೆ, ಕೈ ಎತ್ತಿಕೊಂಡದ್ದನ್ನು ಆಯ್ಕೆ ಎಂದು ಬೇರ್ಪಡಿಸಿದೆ. ಉಪನ್ಯಾಸಕರ ನಡುವಿನ ಹಲವು ಭಿನ್ನಾಭಿಪ್ರಾಯಗಳು ಅಷ್ಟಕ್ಕೇ ಕರಗಿದವು. ಅಭ್ಯಾಸಗಳಲ್ಲಿ "ಯಾವುದಾದರೂ ಸರಿ" ಎನ್ನಲು ಅವಕಾಶವಿಲ್ಲದಿರುವುದು ಕೂಡ ಕೊರತೆಯೇ. ಎರಡೂ ಸಮವೆನಿಸಿದಾಗ ಬಲವಂತದಿಂದ ಒತ್ತಿದ ಗುಂಡಿಯನ್ನು ಒಲವೆಂದು ಎಣಿಸಿದರೆ ಲೆಕ್ಕ ಕೆಡುತ್ತದೆ.

ಗುಂಪಿನ ಆಯ್ಕೆಗೆ, ಅಂದರೆ ಹಲವರ ಒಲವುಗಳನ್ನು ಒಂದೇ ತೀರ್ಮಾನವಾಗಿ ಕೂಡಿಸುವಾಗಿನ ತೊಡಕುಗಳನ್ನು ತೋರಿಸಿದ 1785ರ ಕಾಂಡೋರ್ಸೆ ಮತ್ತು 1951ರ ಕೆನೆತ್ ಆ್ಯರೋ ಅವರಿಗೆ, ಒಂದೇ ಉಪನ್ಯಾಸ ಮೀಸಲಾಗಿದೆ, ಅದೂ ಅವಸರದಲ್ಲಿ. ಪರೀಕ್ಷೆ ಇಸವಿಗಳನ್ನು ಕೇಳುತ್ತದೆ, ತರ್ಕವನ್ನು ಕೇಳುವುದಿಲ್ಲ. ಗಣಿತ ಬೇಕಾಗುವುದು ಎರಡನೇ ವಾರದಲ್ಲಿ ಮಾತ್ರ. ಲಾಗರಿದಮ್ ಮರೆತವರು ಅದನ್ನೊಮ್ಮೆ ತಿರುವಿ ಹಾಕಿಕೊಂಡು ಬಂದರೆ ಸಾಕು. ಇನ್ನು ಮೂರನೇ ವಾರದ ಪಂದ್ಯಗಳ ವಿಷಯ: ಇದನ್ನು ಓದಿದವರ ಉತ್ತರ ಇನ್ನು ಸಹಜವಾಗಿ ಬರಲಾರದು, ಆದ್ದರಿಂದ ಏನೂ ತಿಳಿಯದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ಅವರಿಂದ ಮಾಡಿಸಿ.