ಆನ್‌ಲೈನ್ ಆರಾಧನೆ: ನೇರ ಪ್ರಸಾರ, ಜೂಮ್, ಮುಂಚಿತ ಚಿತ್ರೀಕರಣ

ಚರ್ಚಿನ ಆರಾಧನೆಯನ್ನು ಅಂತರ್ಜಾಲದ ಮೂಲಕ ಮನೆಗಳಿಗೆ ತಲುಪಿಸಲು ಮುಖ್ಯವಾಗಿ ಮೂರು ದಾರಿಗಳಿವೆ: ಯೂಟ್ಯೂಬ್ ನೇರ ಪ್ರಸಾರ, ಜೂಮ್ ಕೂಟ, ಮತ್ತು ಮೊದಲೇ ಚಿತ್ರೀಕರಿಸಿ ಆರಾಧನೆಯ ವೇಳೆಗೆ ಬಿಡುಗಡೆ ಮಾಡುವ ವಿಡಿಯೊ. ಸಭೆಯ ಧ್ವನಿ ಮತ್ತು ಕ್ಯಾಮೆರಾಗಳ ಹೊಣೆ ಹೊತ್ತು ಮೂರನ್ನೂ ನಡೆಸಿ ನೋಡಿದ ಮೇಲೆ ನನಗೆ ಸ್ಪಷ್ಟವಾದದ್ದು ಇಷ್ಟು: ಪ್ರಸಂಗವು ಮೂರರಲ್ಲಿಯೂ ಚೆನ್ನಾಗಿಯೇ ತಲುಪುತ್ತದೆ, ವ್ಯತ್ಯಾಸ ಕಾಣುವುದು ಹಾಡಿನಲ್ಲಿ, ಪ್ರಾರ್ಥನೆಯಲ್ಲಿ ಮತ್ತು ರೊಟ್ಟಿ, ದ್ರಾಕ್ಷಾರಸಗಳನ್ನು ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ.

ನೇರ ಪ್ರಸಾರವು 1921ರ ಜನವರಿ 2ರಂದು ಅಮೆರಿಕದ ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರದಿಂದ ಆರಂಭವಾದ ರೇಡಿಯೊ ಆರಾಧನೆಯ ನೇರ ವಾರಸುದಾರ. ಆದ್ದರಿಂದ ಇಲ್ಲಿ ಚಿತ್ರಕ್ಕಿಂತ ಧ್ವನಿಯೇ ಮುಖ್ಯ. ಮಸುಕಾದ ಚಿತ್ರವನ್ನು ಜನ ಸಹಿಸಿಕೊಳ್ಳುತ್ತಾರೆ, ಪ್ರತಿಧ್ವನಿಯಲ್ಲಿ ಕಲಸಿಹೋದ ಪ್ರಸಂಗವನ್ನು ಸಹಿಸುವುದಿಲ್ಲ. ಸಭಾಂಗಣದ ಹಿಂಬದಿಯಲ್ಲಿಟ್ಟ ಮೊಬೈಲಿನ ಮೈಕ್ ಗೋಡೆಗಳ ಪ್ರತಿಧ್ವನಿಯನ್ನೇ ಹೆಚ್ಚಾಗಿ ಹಿಡಿಯುವುದರಿಂದ, ಮೈಕುಗಳ ಧ್ವನಿಗಳನ್ನು ಬೆರೆಸಿ ಮಟ್ಟ ಹೊಂದಿಸುವ ಮಿಕ್ಸರಿನಿಂದ ನೇರವಾಗಿ ತಂತಿ ಎಳೆಯುವುದು ಮೊದಲ ಸುಧಾರಣೆ. ಆದರೆ ಇದರಲ್ಲಿಯೂ ಒಂದು ತೊಡಕಿದೆ: ಗಾಯಕವೃಂದದ ದನಿ ಸಭಾಂಗಣದಲ್ಲಿ ತಾನಾಗಿಯೇ ಕೇಳುವುದರಿಂದ ಮಿಕ್ಸರಿನಲ್ಲಿ ಅದರ ಮಟ್ಟವನ್ನು ತಗ್ಗಿಸಿಟ್ಟಿರುತ್ತಾರೆ, ಹೀಗಾಗಿ ಮನೆಯಲ್ಲಿ ಕೇಳುವವರಿಗೆ ಸಭಾಪಾಲಕರ ಮಾತು ಗಟ್ಟಿಯಾಗಿ, ಹಾಡು ಎಲ್ಲೋ ದೂರದಿಂದ ಬಂದಂತೆ ಕೇಳಿಸುತ್ತದೆ. ಪ್ರಸಾರಕ್ಕೆಂದೇ ಮಿಕ್ಸರಿನ ಬೇರೊಂದು ಔಟ್‌ಪುಟ್ ಮೀಸಲಿಟ್ಟು, ಜನರ ಕಡೆಗೆ ತಿರುಗಿಸಿದ ಒಂದು ಮೈಕನ್ನು ಅದಕ್ಕೆ ತುಸುವೇ ಬೆರೆಸಿದಾಗ ಮಾತ್ರ ಸಭೆಯೆಲ್ಲ ಕೂಡಿ ಹಾಡುವುದು ಪರದೆಯಾಚೆಗೂ ಕೇಳತೊಡಗುತ್ತದೆ. ಕ್ಯಾಮೆರಾ ಕೊಳ್ಳುವ ಮಾತು ಇದಾದ ಮೇಲಿನದು.

ಉಳಿದ ಷರತ್ತುಗಳು ಚಿಕ್ಕವು, ಆದರೆ ಭಾನುವಾರ ಬೆಳಿಗ್ಗೆ ತಿಳಿದರೆ ತಡವಾಗುತ್ತದೆ. ಹೊಸ ಚಾನೆಲ್ಲಿನಲ್ಲಿ ನೇರ ಪ್ರಸಾರದ ಅನುಮತಿ ದೊರೆಯಲು 24 ಗಂಟೆಗಳವರೆಗೆ ಹಿಡಿಯಬಹುದು. ಮೊಬೈಲ್ ಆ್ಯಪ್‌ನಿಂದ ಪ್ರಸಾರ ಮಾಡಲು ಕನಿಷ್ಠ 50 ಚಂದಾದಾರರು ಬೇಕು. ಕೀರ್ತನೆ ಎಷ್ಟೇ ಹಳೆಯದಾಗಿದ್ದರೂ, ಹಿನ್ನೆಲೆಗೆ ಹಾಕಿದ ಧ್ವನಿಮುದ್ರಣ ಬೇರೆಯವರದಾಗಿದ್ದರೆ ಹಕ್ಕುಸ್ವಾಮ್ಯದ ಆಕ್ಷೇಪ ಬರಬಹುದು. ಪ್ರಸಾರವು ಕೆಲವು ಸೆಕೆಂಡುಗಳಷ್ಟು ತಡವಾಗಿ ತಲುಪುವುದರಿಂದ, ಚಾಟ್‌ನಲ್ಲಿ ಬರುವ ಪ್ರಾರ್ಥನಾ ವಿನಂತಿಗಳನ್ನು ಓದುವ ಮುನ್ನ ಸಭಾಪಾಲಕರು ಬೇಕೆಂದೇ ಒಂದಿಷ್ಟು ಹೊತ್ತು ಮೌನ ಬಿಡಬೇಕಾಗುತ್ತದೆ.

ಜೂಮ್‌ನ ಸ್ವಭಾವ ಇದಕ್ಕೆ ತದ್ವಿರುದ್ಧ. ಅಲ್ಲಿ ಮುಖಗಳು ಕಾಣುತ್ತವೆ, ಹೆಸರು ಹಿಡಿದು ಕರೆಯಬಹುದು. ಹಾಸಿಗೆ ಹಿಡಿದ ಹಿರಿಯರೊಬ್ಬರು ತಮ್ಮ ಬಾಯಿಂದಲೇ ಪ್ರಾರ್ಥಿಸಬಹುದು. ಆದರೆ ಕೂಡಿ ಹಾಡುವುದು ಅಸಾಧ್ಯ. ಪ್ರತಿಯೊಬ್ಬರ ದನಿಯೂ ಬೇರೆ ಬೇರೆ ವಿಳಂಬದೊಂದಿಗೆ ತಲುಪುವುದರಿಂದ, ಎಲ್ಲರೂ ಮೈಕ್ ತೆರೆದು ಕರ್ತನ ಪ್ರಾರ್ಥನೆಯನ್ನು ಹೇಳತೊಡಗಿದರೆ ‘ಪರಲೋಕದಲ್ಲಿರುವ’ ಎಂಬಲ್ಲಿಗೇ ಸಾಲು ಮುರಿದು ಗೊಂದಲವಾಗುತ್ತದೆ. ಒಬ್ಬರು ಹೇಳಿ ಉಳಿದವರು ಮೈಕ್ ಮುಚ್ಚಿಕೊಂಡು ದನಿಗೂಡಿಸುವುದೊಂದೇ ಮಾರ್ಗ. ಗದ್ದಲವನ್ನು ತಡೆಯುವ ಜೂಮ್‌ನ ವ್ಯವಸ್ಥೆಯು ಆರ್ಗನ್ನಿನ ದೀರ್ಘ ಸ್ವರವನ್ನೂ ಗದ್ದಲವೆಂದೇ ಬಗೆದು ಅಳಿಸಿಬಿಡುತ್ತದೆ. ಹಾಡುವ ಮುನ್ನ ‘ಒರಿಜಿನಲ್ ಸೌಂಡ್’ ಆಯ್ಕೆಯನ್ನು ಚಾಲೂ ಮಾಡಿಕೊಳ್ಳಬೇಕು. ಉಚಿತ ಖಾತೆಯಲ್ಲಿ 100 ಜನ, 40 ನಿಮಿಷ ಎಂಬ ಮಿತಿಯಿದೆ. ವಾರದ ನಡುವಿನ ಪ್ರಾರ್ಥನಾ ಕೂಟಕ್ಕೆ ಈ 40 ನಿಮಿಷದ ಮಿತಿ ಒಂದು ವರವೆಂದೇ ನನ್ನ ಅನಿಸಿಕೆ.

ಮುಂಚಿತವಾಗಿ ಚಿತ್ರೀಕರಿಸಿದ ಆರಾಧನೆ ನೋಡಲು ಅಚ್ಚುಕಟ್ಟಾಗಿರುತ್ತದೆ. ಹಾಡಿನ ಸಾಲುಗಳನ್ನು ಪರದೆಯ ಮೇಲೆ ತೋರಿಸಬಹುದು, ಕಿವಿ ಮಂದವಾದವರಿಗೆ ಪ್ರಸಂಗದ ಅಡಿಬರಹ ಕೊಡಬಹುದು, ತೊದಲಿದ್ದನ್ನು ಕತ್ತರಿಸಬಹುದು. ಖಾಲಿ ಸಭಾಂಗಣದಲ್ಲಿ ಕ್ಯಾಮೆರಾದ ಮುಂದೆ ನಿಂತಾಗ ಪ್ರಸಂಗ ತಾನಾಗಿಯೇ ಮೊಟಕಾಗುವುದನ್ನೂ ಲಾಭವೆಂದೇ ಎಣಿಸಬೇಕು. ಆದರೆ ಗುರುವಾರ ಚಿತ್ರೀಕರಿಸಿದ ಆರಾಧನೆಯಲ್ಲಿ ಶನಿವಾರ ರಾತ್ರಿ ತೀರಿಕೊಂಡ ಸದಸ್ಯರ ಹೆಸರು ಇರುವುದಿಲ್ಲ. ಸಂಕಲನದ ಶ್ರಮವೂ ವಾರವಾರ ಅದೇ ಒಬ್ಬಿಬ್ಬರ ಹೆಗಲಿಗೆ ಬೀಳುತ್ತದೆ. ಆದುದರಿಂದ ಇಡೀ ಆರಾಧನೆಯನ್ನು ಹೀಗೆ ಮಾಡುವುದಕ್ಕಿಂತ, ಗಾಯಕವೃಂದದ ವಿಶೇಷ ಗೀತೆಯನ್ನಷ್ಟೇ ಮೊದಲೇ ಮುದ್ರಿಸಿ ನೇರ ಪ್ರಸಾರದ ನಡುವೆ ಸೇರಿಸುವುದು ಮೇಲು.

ಕರ್ತನ ಭೋಜನದ ವಿಷಯ ಮಾತ್ರ ತಂತ್ರಜ್ಞರ ತೀರ್ಮಾನಕ್ಕೆ ಬಿಡತಕ್ಕದ್ದಲ್ಲ. 2020ರ ಮಾರ್ಚ್ 9ರಿಂದ ಮೇ 17ರವರೆಗೆ ಪೋಪ್ ಫ್ರಾನ್ಸಿಸ್ ಅವರ ದೈನಂದಿನ ಬಲಿಪೂಜೆ ವ್ಯಾಟಿಕನ್ನಿನ ಸಾಂತಾ ಮಾರ್ತಾ ಅತಿಥಿಗೃಹದಿಂದ ನೇರ ಪ್ರಸಾರವಾದಾಗ, ಪ್ರಸಾದ ಸ್ವೀಕರಿಸಲಾಗದ ವೀಕ್ಷಕರಿಗೆ ಆಧ್ಯಾತ್ಮಿಕ ಸ್ವೀಕಾರದ, ಅಂದರೆ ಕ್ರಿಸ್ತನನ್ನು ಮನಸ್ಸಿನಲ್ಲಿಯೇ ಬರಮಾಡಿಕೊಳ್ಳುವ, ಪ್ರಾರ್ಥನೆಯನ್ನು ಹೇಳಿಕೊಡಲಾಯಿತು. ಕೆಲವು ಪ್ರೊಟೆಸ್ಟಂಟ್ ಸಭೆಗಳಾದರೋ ಮನೆಯಲ್ಲಿಯೇ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಸಿದ್ಧವಾಗಿಟ್ಟುಕೊಂಡು ಪಾಲ್ಗೊಳ್ಳಲು ಒಪ್ಪಿಗೆ ಕೊಟ್ಟವು. ಅಂಥ ಸಭೆಗಳಿಗೆ ನಾನು ಜೂಮನ್ನೇ ಸೂಚಿಸುತ್ತೇನೆ, ಏಕೆಂದರೆ ಎಲ್ಲರೂ ರೊಟ್ಟಿಯನ್ನು ಕೈಗೆತ್ತಿಕೊಂಡಿದ್ದಾರೆಯೇ ಎಂದು ನೋಡಿ ಮುಂದುವರಿಯಲು ಸಭಾಪಾಲಕರಿಗೆ ಮೂರರಲ್ಲಿ ಅದೊಂದೇ ಅವಕಾಶ ಕೊಡುತ್ತದೆ. ಭಾನುವಾರದ ಉಳಿದ ಆರಾಧನೆಗೆ ನನ್ನ ಆಯ್ಕೆ ನೇರ ಪ್ರಸಾರವೇ. ಆದರೆ ಚಾಟ್ ನೋಡಿಕೊಳ್ಳಲು ಒಬ್ಬರನ್ನು ಪ್ರತ್ಯೇಕವಾಗಿ ಕೂರಿಸಬೇಕು, ಮತ್ತು ಅವರಿಗೆ ಕ್ಯಾಮೆರಾದ ಕೆಲಸವನ್ನು ಒಪ್ಪಿಸಬಾರದು.