ಕ್ಲಾಸಾ, ವಿಡಿಯೋನಾ, ಮಷೀನ್ ಪಕ್ಕಾನಾ?

ಶರ್ಟ್ ಹೊಲಿಯುವ ಗಾರ್ಮೆಂಟ್ಸ್ ಒಂದರಲ್ಲಿ ಟ್ರೇನಿಂಗ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಕಾಲರ್ ಕೂರಿಸುವ ಕಡೆ ಆಲ್ಟರ್, ಅಂದರೆ ತಪ್ಪಾಗಿ ಮತ್ತೆ ಸರಿಮಾಡಬೇಕಾದ ಪೀಸ್, ಜಾಸ್ತಿ. ಒಂದು ತುದಿ ಮೇಲೆ, ಒಂದು ಕೆಳಗೆ, ಇಲ್ಲವೇ ಕತ್ತಿನ ಹತ್ತಿರ ಸುಕ್ಕು. ಹೊಸಬರಿಗೆ ಇದನ್ನು ಮೂರು ಥರ ಕಲಿಸಿ ನೋಡಿದೆ.

ಮೊದಲು ಕ್ಲಾಸ್. ಹೊರಗಿನಿಂದ ಟ್ರೇನರ್, ಪ್ರೊಜೆಕ್ಟರ್, ಮಧ್ಯಾಹ್ನ ಊಟ. ಫೀಡ್‌ಬ್ಯಾಕ್ ಫಾರಂನಲ್ಲಿ ಎಲ್ಲರೂ ಐದಕ್ಕೆ ಐದು ಕೊಟ್ಟರು. ಮಷೀನ್ ಬಿಟ್ಟು ಫ್ಯಾನ್ ಕೆಳಗೆ ಕೂರಿಸಿದರೆ ಯಾರು ಕಡಿಮೆ ಕೊಡುತ್ತಾರೆ ಹೇಳಿ? ಮುಂದಿನ ವಾರ ಆಲ್ಟರ್ ಬುಟ್ಟಿ ಹಾಗೇ ತುಂಬಿತ್ತು. ಅಮೆರಿಕದ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿ ಅಳೆಯೋಕೆ ನಾಲ್ಕು ಮೆಟ್ಟಿಲು ಹೇಳಿದ್ದರು: ಇಷ್ಟವಾಯಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಫಲ ಸಿಕ್ಕಿತೇ. ನಮ್ಮ ಫಾರಂ ಮೊದಲನೇ ಮೆಟ್ಟಿಲಲ್ಲೇ ಕೂತಿತ್ತು. ಬೆಂಕಿ ಬಿದ್ದರೆ ಯಾವ ಬಾಗಿಲಿಗೆ ಓಡಬೇಕು ಅನ್ನೋಂಥದ್ದಕ್ಕೆ ಕ್ಲಾಸ್ ಸಾಕು. ಕೈಗೆ ಬರಬೇಕಾದ ಕೆಲಸಕ್ಕೆ ಸಾಲದು.

ವಾಟ್ಸ್ಆ್ಯಪ್ ವಿಡಿಯೋ ಅಗ್ಗ, ನಿಜ. ಆದರೆ ಫ್ಲೋರ್‌ನಲ್ಲಿ ಫೋನ್ ಬಿಡಲ್ಲ. ಮನೆಗೆ ಹೋದ ಮೇಲೆ ಒಲೆ ಹಚ್ಚೋದು ಬಿಟ್ಟು ಕಾಲರ್ ನೋಡೋರು ಯಾರು?

ಮೂರನೆಯದು ಮಷೀನ್ ಪಕ್ಕದ ಕಲಿಕೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಿಗೆ ಹೊಸಬರು ತುಂಬಿದಾಗ ಬಳಸಿದ ದಾರಿ ಇದು. ಮೊದಲು ಭಯ ಬಿಡಿಸಿ. ನಿಧಾನ ಮಾಡಿ ತೋರಿಸಿ, ಯಾಕೆ ಅಂತಲೂ ಹೇಳಿ. ಅವರಿಂದ ಮಾಡಿಸಿ, ಬಾಯಲ್ಲೂ ಹೇಳಿಸಿ. ಆಮೇಲೆ ಆಗಾಗ ಬಂದು ನೋಡಿ. ನಮ್ಮ ಹಳೇ ಆಪರೇಟರ್ ಒಬ್ಬರನ್ನೇ ಕೂರಿಸಿದೆ. ಮೂರನೇ ದಿನ ಹೊಸ ಹುಡುಗಿ ಅರ್ಧಕ್ಕೆ ಮಷೀನ್ ನಿಲ್ಲಿಸಿದಳು.

“ಯಾಕೆ ನಿಲ್ಲಿಸಿದೆ?”

“ನಡು ಗುರುತು ಕೂತಿದ್ಯಾ ನೋಡ್ಬೇಕಲ್ವಾ ಅಕ್ಕಾ. ಇಲ್ಲಿ ಜರುಗಿದ್ರೆ ತುದೀಲಿ ಎದ್ದು ಕಾಣತ್ತೆ.”

ಕ್ಲಾಸ್ ಮುಗಿಸಿ ಬಂದವರ ಬಾಯಲ್ಲಿ ಈ ‘ಯಾಕೆ’ ನಾನು ಕೇಳಿರಲಿಲ್ಲ.

ಖರ್ಚೂ ಇದೆ. ಕಲಿಸುವವರ ಪೀಸ್ ಲೆಕ್ಕ ಬೀಳುತ್ತದೆ, ಫ್ಲೋರ್ ಇನ್‌ಚಾರ್ಜ್ ಮುಖ ಊದಿಸುತ್ತಾರೆ. ಆ ಹೊತ್ತಿಗೆ ಆಪರೇಟರ್ ಟಾರ್ಗೆಟ್ ಇಳಿಸದಿದ್ದರೆ ಈ ದಾರಿ ಹಿಡಿಯಲೇಬೇಡಿ. ಸುಮ್ನೆ ಕಾಟಾಚಾರಕ್ಕೆ ಕಲಿಸುತ್ತಾರೆ.

ಅಳತೆಯಲ್ಲಿ ನಾನೂ ಎಡವಿದೆ. 200 ಪೀಸ್ ನೋಡಿ 16 ತಪ್ಪು ಸಿಕ್ಕರೆ ನೂರಕ್ಕೆ 8, ಲೆಕ್ಕ ಸುಲಭ. ಆದರೆ ಕ್ಲಾಸ್ ಬ್ಯಾಚಿಗೆ ಚೌಕಳಿ ಬಟ್ಟೆ ಬಂದಿತ್ತು, ಮಷೀನ್ ಬ್ಯಾಚಿಗೆ ಪ್ಲೇನ್. ಚೌಕಳಿಯಲ್ಲಿ ಗೆರೆಗೆ ಗೆರೆ ಕೂರಿಸಬೇಕು, ತಪ್ಪು ಜಾಸ್ತಿಯೇ. ಹೊಸ ಬ್ಯಾಚ್ ಬಂದಾಗ ಒಂದೇ ಸ್ಟೈಲ್, ಒಬ್ಬರೇ ಚೆಕ್ಕರ್ ಇಟ್ಟು ಮತ್ತೆ ಎಣಿಸಿದೆ. ಮಷೀನ್ ಬ್ಯಾಚೇ ಮುಂದಿತ್ತು, ಆದರೆ ನಾನು ಮೊದಲು ಬೀಗಿದಷ್ಟು ಅಲ್ಲ.

ಈಗ ಕಫ್ ಹೊಲಿಗೆಗೂ ಇದನ್ನೇ ಶುರು ಮಾಡಿದ್ದೇವೆ. ಫೀಡ್‌ಬ್ಯಾಕ್ ಫಾರಂ ಮಾತ್ರ ನಿಲ್ಲಿಸಿಲ್ಲ. ಆಡಿಟ್‌ನವರು ಕೇಳುತ್ತಾರೆ.